ಸಾಯದೆ ಉಳಿದವಳ ಲೆಕ್ಕ ಯಾರ ಪುಸ್ತಕದಲ್ಲಿದೆ?

ನಮ್ಮ ನಾಡಿನಲ್ಲಿ ಹೆಂಗಸರು ಬಹಳ ಬೀಳುತ್ತಾರೆ. ಬಚ್ಚಲಲ್ಲಿ ಜಾರಿ ಬೀಳುತ್ತಾರೆ, ಮೆಟ್ಟಿಲ ಮೇಲಿಂದ ಉರುಳಿ ಬೀಳುತ್ತಾರೆ, ಒಣಗಿದ ಬಟ್ಟೆ ತರಲು ಹೋಗಿ ಮಹಡಿಯಿಂದ ಬೀಳುತ್ತಾರೆ. ಅದೇ ಬಚ್ಚಲು, ಅದೇ ಮೆಟ್ಟಿಲು, ಅದೇ ಮಹಡಿ ಗಂಡಸರಿಗೂ ಇದೆ. ಅವರೂ ಬೀಳುತ್ತಾರೆ. ಆದರೆ ಗಂಡಸು ಬಿದ್ದು ಆಸ್ಪತ್ರೆ ಸೇರಿದರೆ "ಹೇಗೆ ಬಿದ್ದಿರಿ?" ಎಂದು ಡಾಕ್ಟರು ಅವನನ್ನೇ ಕೇಳುತ್ತಾರೆ. ಹೆಂಗಸು ಬಿದ್ದು ಆಸ್ಪತ್ರೆ ಸೇರಿದರೆ ಅವಳ ಗಂಡನನ್ನು ಕೇಳುತ್ತಾರೆ. ಅವನು ಹೇಳಿದ್ದು ಕಾಗದದ ಮೇಲೆ ಬರುತ್ತದೆ. ಆ ಕಾಗದವೇ ಮುಂದೆ ಸತ್ಯವಾಗುತ್ತದೆ.

ಹಿಂದೆ ಸ್ಟೌ ಸಿಡಿಯುತ್ತಿತ್ತು. ಅತ್ತೆ ಕಾಫಿ ಕಾಸುವಾಗ ಸುಮ್ಮನಿದ್ದ ಸ್ಟೌ, ತವರಿನಿಂದ ಬಾಕಿ ಹಣ ತರದ ಸೊಸೆ ಹತ್ತಿರ ಹೋದ ಕೂಡಲೇ ಸಿಡಿಯುತ್ತಿತ್ತು. ಆ ಸುಳ್ಳನ್ನು ಬಯಲು ಮಾಡಿದವರು ಯಾರು? ಪೊಲೀಸರಲ್ಲ, ನ್ಯಾಯಾಲಯವಲ್ಲ. ಮಗಳನ್ನು ಕಳೆದುಕೊಂಡು ದೆಹಲಿಯ ಬೀದಿಗಿಳಿದ ಸತ್ಯರಾಣಿ ಚಡ್ಡಾ, ಶಹಜಹಾನ್ ಆಪಾ ಅವರಂಥ ತಾಯಂದಿರು. 1990ರ ದಶಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, "ಆಕಸ್ಮಿಕ" ಎಂದು ಮುಚ್ಚಿಹೋಗುತ್ತಿದ್ದ ಸಾವುಗಳ ಬೆನ್ನು ಹತ್ತಿದ ವಿಮೋಚನಾ ಸಂಘಟನೆಯ ಹೆಂಗಸರು. 1983ರಲ್ಲಿ ದಂಡ ಸಂಹಿತೆಗೆ ಸೇರಿದ 498ಎ ಕಲಮು, 1986ರಲ್ಲಿ ಸೇರಿದ ವರದಕ್ಷಿಣೆ ಸಾವಿನ 304ಬಿ ಕಲಮು ಸರ್ಕಾರ ತಾನಾಗಿ ಕೊಟ್ಟ ಭಿಕ್ಷೆಯಲ್ಲ. ಹೆಂಗಸರು ಹೆಣಗಳನ್ನು ಎಣಿಸಿ, ಎಣಿಸಿ ಪಡೆದದ್ದು.

ಈಗ ನಾನು ಎತ್ತಬೇಕೆಂದಿರುವ ಪ್ರಶ್ನೆ ಬೇರೆ. ಹೆಣಗಳನ್ನು ಎಣಿಸಿದೆವು, ಸರಿ. ಸಾಯದೆ ಉಳಿದವರನ್ನು ಯಾರು ಎಣಿಸಿದರು? ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವರದಿ 2022ರಲ್ಲಿ ದೇಶದಲ್ಲಿ 6,450 ವರದಕ್ಷಿಣೆ ಸಾವಿನ ಪ್ರಕರಣಗಳು ದಾಖಲಾದವೆಂದು ಹೇಳುತ್ತದೆ. ಅದೇ ವರ್ಷ ಹೊಡೆತ ತಿಂದು ಬೆನ್ನುಮೂಳೆ ಮುರಿದವರು, ತಲೆಗೆ ಪೆಟ್ಟು ಬಿದ್ದು ಮಾತು ಕಳಕೊಂಡವರು, ಸುಟ್ಟು ಕತ್ತು ಎದೆಗೆ ಅಂಟಿಕೊಂಡು ಬದುಕಿದವರು ಎಷ್ಟು ಮಂದಿ? ಅವರಿಗೆಂದು ಒಂದು ಕಲಂ ಆ ವರದಿಯಲ್ಲಿ ನನಗೆ ಕಾಣಲಿಲ್ಲ. ಸತ್ತರೆ ಅಂಕಿ, ಬದುಕಿದರೆ ಅದೂ ಇಲ್ಲ!

ಇದನ್ನು ನಾನು ಪುಸ್ತಕ ಓದಿ ಬರೆಯುತ್ತಿಲ್ಲ. ಹೋದ ವರ್ಷದಿಂದ ಒಂದು ಆರೈಕೆ ಕೇಂದ್ರಕ್ಕೆ ನನ್ನ ಗೆಳತಿಯೊಬ್ಬಳನ್ನು ನೋಡಲು ಹೋಗುತ್ತಿದ್ದೇನೆ. ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಗ್ರಂಥಾಲಯದಲ್ಲಿ ಅವಳು ದಿನಗೂಲಿಯ ಮೇಲೆ ಕೆಲಸಕ್ಕಿದ್ದಳು. ನನಗಿಂತ ಹದಿನೈದು ವರ್ಷ ಕಿರಿಯಳು. ಮೊದಲು "ಮೇಡಂ" ಅನ್ನುತ್ತಿದ್ದವಳು ಆಮೇಲೆ "ಅಕ್ಕಾ" ಅಂದಳು. ತನ್ನ ಬೀದಿಯ ಸ್ವಸಹಾಯ ಸಂಘದ ಪುಸ್ತಕ ಬರೆಯುತ್ತಿದ್ದವಳೂ ಅವಳೇ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ವಿಷಯ ಬರೀರಿ ಅಕ್ಕಾ, ಹೆಸರು ಊರು ಬೇಡ" ಅಂದಿದ್ದಾಳೆ.

ಅವಳ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ನೋಡಿಕೊಳ್ಳುವುದೆಂದರೆ ಏನು ಎಂದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ತಪ್ಪಿದರೆ ಹಾಸಿಗೆ ಹುಣ್ಣು. ಚರ್ಮಕ್ಕೆ ಸ್ಪರ್ಶವಿಲ್ಲದ್ದರಿಂದ ಹುಣ್ಣಾದದ್ದು ಅವಳಿಗೇ ತಿಳಿಯುವುದಿಲ್ಲ, ವಾಸನೆ ಬಂದಾಗ ತಿಳಿಯುತ್ತದೆ. ಮೂತ್ರಕ್ಕೆ ನಳಿಕೆ. ಅದು ಸ್ವಚ್ಛವಿಲ್ಲದಿದ್ದರೆ ಸೋಂಕು, ಚಳಿಜ್ವರ. ಮುಟ್ಟು ಇನ್ನೂ ನಿಂತಿಲ್ಲದ ಹೆಂಗಸಿಗೆ ಆ ಕೆಲಸಕ್ಕೂ ಇನ್ನೊಬ್ಬರ ಕೈ ಬೇಕು. ಆರು ಮಂಚದ ಒಂದು ಕೋಣೆ, ಹಗಲಿಗೊಬ್ಬ ಆಯಾ, ರಾತ್ರಿಗೊಬ್ಬ ಆಯಾ, ತಿಂಗಳಿಗೆ 28,000 ರೂಪಾಯಿ. ಅದನ್ನು ಕಟ್ಟುವವನು ಅವಳ ಗಂಡ.

"ಬಟ್ಟೆ ತರೋಕೆ ಹೋಗಿ ಮೆಟ್ಟಿಲ ಮೇಲೆ ಜಾರಿದಳು." ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬರೆಸಿದ ಮಾತು ಇದು. ಬರೆಸಿದವನು ಗಂಡ. ಆಮೇಲೆ ಪೊಲೀಸರು ಅವಳ ಹೇಳಿಕೆ ತೆಗೆದುಕೊಂಡರು. ಆಗಲೂ ಅವನು ಮಂಚದ ಪಕ್ಕದಲ್ಲೇ ಇದ್ದ. ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿದ್ದವಳು ಹೂಂ ಅಂದಳೋ, ಇಲ್ಲವೋ, ಅವಳಿಗೇ ನೆನಪಿಲ್ಲ. ಆ ಹೇಳಿಕೆಯ ಕೆಳಗೆ ಹೆಬ್ಬೆಟ್ಟಿನ ಗುರುತಿದೆ. ಹದಿನೆಂಟು ವರ್ಷ ಗ್ರಂಥಾಲಯದ ಪುಸ್ತಕಗಳಿಗೆ ಮುದ್ದಾದ ಅಕ್ಷರದಲ್ಲಿ ಸಂಖ್ಯೆ ಬರೆದವಳ ಹೆಬ್ಬೆಟ್ಟು!

ಮೊದಲ ಎರಡು ಸಲ ನಾನು ಹೋದಾಗಲೂ ಗಂಡ ಕುರ್ಚಿ ಬಿಟ್ಟು ಏಳಲಿಲ್ಲ. ಮೂರನೆಯ ಸಲ ಬಿಲ್ಲು ಕಟ್ಟಲು ಕೆಳಗೆ ಹೋಗಿದ್ದ. ಆಗ ಅವಳು "ಬಾಗಿಲು ಮುಂದೆ ಮಾಡಿ ಅಕ್ಕಾ" ಅಂದಳು. ಹತ್ತು ನಿಮಿಷದಲ್ಲಿ ಎಲ್ಲ ಹೇಳಿದಳು. ಅಪ್ಪನ ಎರಡು ಎಕರೆ ಊರಂಚಿನಲ್ಲಿತ್ತು, ಸೈಟುಗಳಾಗಿ ಬೆಲೆ ಬಂತು. ಅಣ್ಣಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂದರು. ಗಂಡ ಪಾಲು ತೆಗೆದುಕೊಂಡು ಬಾ ಅಂದ. ಇವಳು ಇಬ್ಬರಿಗೂ ಒಪ್ಪಲಿಲ್ಲ. "ಪಾಲು ತಗೋತೀನಿ, ಆದ್ರೆ ನನ್ನ ಹೆಸರಲ್ಲೇ ಇರ್ಲಿ" ಅಂದಳು. ಆ ರಾತ್ರಿ ಮಹಡಿಯ ಮೆಟ್ಟಿಲ ಮೇಲೆ ಅವನು ಎದೆಗೆ ಕೈ ಕೊಟ್ಟು ತಳ್ಳಿದ. ಅವಳಾಗಿ ಬೀಳಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. 1994ರಲ್ಲಿ ಕರ್ನಾಟಕ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆ ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ, ಮದುವೆಯಾದವರಿಗೂ, ಗಂಡುಮಕ್ಕಳಷ್ಟೇ ಪಾಲು ಎಂದಿತು. 2020ರಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ಅಪ್ಪ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸ್ಪಷ್ಟಪಡಿಸಿತು. ಈ ಹಕ್ಕಿಗಾಗಿ ನಾವೆಲ್ಲ ಸಂತೋಷಪಟ್ಟೆವು. ಆದರೆ ಪುರುಷಪ್ರಧಾನ ವ್ಯವಸ್ಥೆ ಎಷ್ಟು ಚತುರ ನೋಡಿ! ಹೆಣ್ಣಿನ ಹಕ್ಕನ್ನೇ ವರದಕ್ಷಿಣೆಯ ಹೊಸ ಕಂತು ಮಾಡಿಕೊಂಡಿತು. ಮದುವೆಯ ದಿನ ಚಿನ್ನ, ಸ್ಕೂಟರು ಕೇಳಿದವನು ಈಗ ಇಪ್ಪತ್ತೈದು ವರ್ಷದ ನಂತರ "ನಿನ್ನ ಪಾಲು" ಕೇಳುತ್ತಾನೆ. ಅದು ಅವಳ ಹೆಸರಲ್ಲೇ ಇರಲಿ ಎಂದರೆ ಮೆಟ್ಟಿಲು ಜಾರುತ್ತದೆ.

ಇನ್ನು ನೋಡಲು ಬರುವವರ ಮಾತು ಕೇಳಿ. ಒಂದು ಡಜನ್ ಬಾಳೆಹಣ್ಣು, ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಬರುತ್ತಾರೆ. "ಯಾರ ದೃಷ್ಟಿ ತಾಕಿತೋ." "ಜೀವ ಒಂದು ಉಳೀತಲ್ಲ, ಅದೇ ಪುಣ್ಯ." "ಮುತ್ತೈದೆಯಾಗಿ ಉಳಿದಿದ್ದೀಯ ಬಿಡು." ಕೊನೆಗೆ ಹೊರಡುವಾಗ ಗಂಡನ ಕಡೆ ತಿರುಗಿ, "ಪಾಪ, ಎಷ್ಟು ಖರ್ಚು ಮಾಡ್ತಿದ್ದೀರಿ, ಬೇರೆಯವರಾಗಿದ್ರೆ ಇನ್ನೊಂದು ಮದುವೆ ಆಗ್ತಿದ್ರು" ಅನ್ನುತ್ತಾರೆ. ಮುರಿದ ಬೆನ್ನು ಅವಳದು, ಮರುಕ ಅವನಿಗೆ! ತಿಂಗಳಿಗೆ 28,000 ಕಟ್ಟುವುದು ತ್ಯಾಗವೇ? ಅವಳ ಬಾಯಿ ಮುಚ್ಚಿಸುವ ಬೆಲೆ ಎಂದು ನಾನು ಹೇಳುತ್ತೇನೆ. ಅದೂ ಅಗ್ಗದ ಬೆಲೆ. ಸೈಟು ಮಾರಿದರೆ ಬಡ್ಡಿಯಲ್ಲೇ ಕಟ್ಟಬಹುದು.

ನನ್ನನ್ನು ಹೆಚ್ಚು ಕೆರಳಿಸಿದ್ದು ಇನ್ನೊಂದು ಸಂಗತಿ. ಆರೈಕೆ ಕೇಂದ್ರದ ಅರ್ಜಿಯಲ್ಲಿ "ಜವಾಬ್ದಾರರು" ಎಂಬ ಜಾಗದಲ್ಲಿ ಗಂಡನ ಹೆಸರಿದೆ. ಆದ್ದರಿಂದ ಅವಳನ್ನು ಯಾರು ನೋಡಬೇಕು, ಅವಳ ಕೈಗೆ ಫೋನು ಕೊಡಬೇಕೋ ಬೇಡವೋ, ಎಲ್ಲ ಅವನ ಮಾತಿನಂತೆ. ನಾಲ್ಕನೆಯ ಸಲ ನಾನು ಹೋದಾಗ ಮೇಜಿನ ಹಿಂದಿದ್ದ ವ್ಯವಸ್ಥಾಪಕರು, "ಸಾರ್ ಬೇಡ ಅಂದಿದಾರೆ" ಅಂದರು. ನಾನು ಬ್ಯಾಗಿನಿಂದ ಕಾಗದ ತೆಗೆದು, ದಿನಾಂಕ ಹಾಕಿ, "ರೋಗಿ ತಾನೇ ನೋಡಬೇಕು ಎನ್ನುತ್ತಿರುವ ಗೆಳತಿಯನ್ನು ಯಾವ ಕಾನೂನಿನ ಪ್ರಕಾರ ತಡೆಯುತ್ತಿದ್ದೀರಿ, ಬರೆದು ಕೊಡಿ" ಎಂದೆ. ಅವರು ಬರೆಯಲಿಲ್ಲ, ಒಳಗೆ ಬಿಟ್ಟರು. ತಳ್ಳಿದವನೇ ಕಾವಲುಗಾರನಾದರೆ ಅದನ್ನು ಆರೈಕೆ ಎನ್ನುವುದೇ, ಸೆರೆ ಎನ್ನುವುದೇ?

ಗೆಳತಿಯರೇ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಕಾಲಿಗೆ ಸ್ವಾಧೀನವಿಲ್ಲ ಎಂದ ಮಾತ್ರಕ್ಕೆ ಬುದ್ಧಿಗೆ ಸ್ವಾಧೀನ ತಪ್ಪುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 13ನೆಯ ಕಲಮಿನ ಪ್ರಕಾರ ಅವಳಿಗೆ ಎಲ್ಲರಂತೆ ಪೂರ್ಣ ಕಾನೂನು ಸಾಮರ್ಥ್ಯವಿದೆ. ತನ್ನ ಆಸ್ತಿ, ತನ್ನ ಹಣ, ತನ್ನ ಸಹಿ ಅವಳದೇ. ಅದೇ ಕಾಯಿದೆಯ 7ನೆಯ ಕಲಮಿನಂತೆ, ಅಂಗವಿಕಲರ ಮೇಲೆ ಹಿಂಸೆ ನಡೆಯುತ್ತಿದೆ ಎಂದು ತೋರಿದರೆ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ನಮ್ಮಲ್ಲಿ ತಹಶೀಲ್ದಾರರಿಗೆ, ತಿಳಿಸಬಹುದು.

ಕಾನೂನು ಇದೆ. ಆದರೆ ಅದರ ಕಣ್ಣು ಹೆಚ್ಚಾಗಿ ಹೆಣದ ಮೇಲೆ. ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಅಸಹಜವಾಗಿ ಸತ್ತರೆ, ಸಾವಿಗೆ ಮುಂಚೆ ವರದಕ್ಷಿಣೆಯ ಕಿರುಕುಳವಿತ್ತೆಂದು ತೋರಿಸಿದರೆ, ನ್ಯಾಯಾಲಯ ಅದನ್ನು ವರದಕ್ಷಿಣೆ ಸಾವೆಂದೇ ಭಾವಿಸಬೇಕು. ಬದುಕಿದವಳಿಗೆ ಆ ಬೆಂಬಲವಿಲ್ಲ. ಸಾಯುವವಳ ಮಾತು ಮರಣಪೂರ್ವ ಹೇಳಿಕೆಯಾಗಿ ಸಾಕ್ಷ್ಯವಾಗುತ್ತದೆ. ಅವಳಿಗೆ ಪಾಟಿ ಸವಾಲು ಮಾಡಲು ಯಾರಿಗೂ ಆಗುವುದಿಲ್ಲ. ಬದುಕಿದವಳು ಮಾತ್ರ ಗಾಲಿಕುರ್ಚಿಯಲ್ಲಿ ಕೂತು, ವಕೀಲನ ಎದುರು, "ಅವತ್ತು ಜಾರಿ ಬಿದ್ದೆ ಅಂತ ಹೆಬ್ಬೆಟ್ಟು ಒತ್ತಿದ್ದೀರಲ್ಲಮ್ಮ, ಇವತ್ತು ಯಾಕೆ ಕತೆ ಹೇಳ್ತೀರಿ?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ನನ್ನ ಗೆಳತಿ ದೂರು ಕೊಟ್ಟಾಗ ಠಾಣೆಯಲ್ಲಿ ಬಂದ ಮೊದಲ ಮಾತೂ ಇದೇ. ಆ ಮೊದಲ ಹೇಳಿಕೆ ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಅವಳಿಗೆ ದಾರಿಯೇ ಇಲ್ಲವೇ? ಇದೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 498ಎ ಅಲ್ಲಿ 85 ಮತ್ತು 86ನೆಯ ಕಲಮಾಗಿದೆ, 304ಬಿ 80ನೆಯ ಕಲಮಾಗಿದೆ. ಆಸ್ತಿಗಾಗಿ, ಹಣಕ್ಕಾಗಿ ಅಕ್ರಮ ಒತ್ತಾಯ ಮಾಡಿ ಹೆಂಡತಿಗೆ ಕಿರುಕುಳ ಕೊಡುವುದು 85, 86ರಲ್ಲಿ ಬರುತ್ತದೆ, ಅದಕ್ಕೆ ಏಳು ವರ್ಷದ ಮಿತಿಯಿಲ್ಲ. ಹೊಸ ಸಂಹಿತೆಯ 117(3) ಎಂಬ ಕಲಮನ್ನು ಪ್ರತಿಯೊಂದು ಸಂಘವೂ ಗುರುತು ಹಾಕಿಕೊಳ್ಳಬೇಕು. ಬೇಕೆಂದೇ ತೀವ್ರ ಗಾಯ ಮಾಡಿ ಒಬ್ಬರನ್ನು ಶಾಶ್ವತವಾಗಿ ಅಂಗವಿಕಲರನ್ನಾಗಿಸಿದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಜೀವಾವಧಿ ಕಠಿಣ ಶಿಕ್ಷೆ. ಹಳೆಯ ಸಂಹಿತೆಯಲ್ಲಿ ಇದು ಇರಲಿಲ್ಲ. ಆ ದಿನಾಂಕದ ನಂತರ ನಡೆದ ಕೃತ್ಯಗಳಿಗೆ ಮಾತ್ರ ಇದು ಅನ್ವಯ.

2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯೂ ಇದೆ. 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದರ 20ನೆಯ ಕಲಮಿನಂತೆ ಚಿಕಿತ್ಸೆಯ ಖರ್ಚು, ಕಳೆದುಕೊಂಡ ಸಂಪಾದನೆ, ಜೀವನಾಂಶ ಕೇಳಬಹುದು. 19ರಂತೆ ಅದೇ ಮನೆಯಲ್ಲಿ ವಾಸ, ಇಲ್ಲವೇ ಅದೇ ಮಟ್ಟದ ಬೇರೆ ಮನೆ ಕೇಳಬಹುದು. 22ರಂತೆ ಪರಿಹಾರ ಕೇಳಬಹುದು. ಗಂಡ ಇಂದು "ದೊಡ್ಡ ಮನಸ್ಸಿನಿಂದ" ಕಟ್ಟುತ್ತಿರುವ ಹಣವನ್ನು ನಾಳೆ ನ್ಯಾಯಾಲಯದ ಆದೇಶದಂತೆ ಕಟ್ಟಬೇಕಾಗುತ್ತದೆ. ಆಗ ಅದು ದಯೆಯಲ್ಲ, ಅವಳ ಹಕ್ಕು. ನನ್ನ ಗೆಳತಿ ಈ ಅರ್ಜಿ ಹಾಕಿದ್ದಾಳೆ. ಇನ್ನೂ ತೀರ್ಮಾನವಾಗಿಲ್ಲ. ಅಷ್ಟರಲ್ಲಿ ಅವನು ಕೈಯೆತ್ತಿದರೆ ಎಲ್ಲಿಗೆ ಹೋಗಬೇಕೆಂಬ ಭಯ ಅವಳನ್ನು ಪ್ರತಿ ತಿಂಗಳ ಕೊನೆಯ ವಾರ ಹಿಡಿದುಕೊಳ್ಳುತ್ತದೆ.

ಆ ಭಯಕ್ಕೆ ಸರ್ಕಾರ ಉತ್ತರ ಕೊಡಬೇಕು. 2015ರಿಂದ "ಸಖಿ" ಎಂಬ ಕೇಂದ್ರಗಳಿವೆ, ಕೆಲವು ದಿನದ ಆಸರೆಗೆ. ಹಿಂದೆ ಸ್ವಾಧಾರ ಗೃಹಗಳಾಗಿದ್ದ ಈಗಿನ ಶಕ್ತಿ ಸದನಗಳು ಎದ್ದು ಓಡಾಡುವ ಹೆಂಗಸರಿಗಾಗಿ ಇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದವಳನ್ನು ಅಲ್ಲಿ ಯಾರು ನೋಡುತ್ತಾರೆ? ಇನ್ನೊಂದು ಅನ್ಯಾಯ ನೋಡಿ. 2016ರ ಅಂಗವಿಕಲರ ಕಾಯಿದೆ ಆಸಿಡ್ ದಾಳಿಗೆ ಸಿಕ್ಕವರನ್ನು ಹೆಸರಿಸಿ ಪಟ್ಟಿಗೆ ಸೇರಿಸಿದೆ, ಅದು ನ್ಯಾಯವೇ. ಆದರೆ ಸೀಮೆಎಣ್ಣೆ ಸುರಿದು ಸುಟ್ಟ ಮುಖಕ್ಕೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಕೈಕಾಲು ಮಡಚದಿದ್ದರೆ ಬೇರೆ ವಿಭಾಗದಲ್ಲಿ ಪ್ರಮಾಣಪತ್ರ ಕೇಳಬೇಕು. ಸುಟ್ಟ ಚರ್ಮ ಎರಡರದೂ ಒಂದೇ ಅಲ್ಲವೇ? ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಮನೆಯ ಹಿಂಸೆಯಿಂದ ಹಾಸಿಗೆ ಹಿಡಿದ ಹೆಂಗಸರಿಗೆ ದೀರ್ಘಕಾಲದ ಆರೈಕೆಯ ಮಂಚಗಳು ಬೇಕು. ಅಪರಾಧ ದಾಖಲೆಯ ವರದಿಯಲ್ಲಿ ಅವರಿಗೆಂದೇ ಒಂದು ಕಲಂ ಬೇಕು.

"ಇಷ್ಟೆಲ್ಲ ಕಾನೂನಿದ್ದೇ ಹೆಂಗಸರು ಸುಳ್ಳು ಕೇಸು ಹಾಕುತ್ತಿದ್ದಾರೆ" ಎನ್ನುವವರು ಈಗ ಟೀವಿಯಲ್ಲೂ ಇದ್ದಾರೆ, ನಮ್ಮ ಮನೆಯ ಜಗಲಿಯಲ್ಲೂ ಇದ್ದಾರೆ. ಅವರಿಗೆ ಸರ್ಕಾರದ್ದೇ ಅಂಕಿ ತೋರಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಅದೇ ಸಮೀಕ್ಷೆ, ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 14 ಮಂದಿ ಮಾತ್ರ ಯಾರದಾದರೂ ಸಹಾಯ ಕೇಳಿದರು ಎನ್ನುತ್ತದೆ. ನೂರರಲ್ಲಿ 86 ಮಂದಿ ಸಹಾಯ ಕೇಳದ ದೇಶದಲ್ಲಿ ದೂರು ಜಾಸ್ತಿಯಾಯಿತು ಎಂದು ಕೊರಗುವವರಿಗೆ ಏನು ಹೇಳೋಣ?

ಸಂಘದ ಅಕ್ಕತಂಗಿಯರೇ, ಈಗ ನಮ್ಮ ಕೆಲಸಕ್ಕೆ ಬರೋಣ. ನೀವು ಆಸ್ಪತ್ರೆಗೆ ಹೇಗೂ ಹೋಗುತ್ತೀರಿ. ಬಾಳೆಹಣ್ಣು ಒಯ್ಯಿರಿ, ಬೇಡ ಅನ್ನುವುದಿಲ್ಲ. ಆದರೆ ಜೊತೆಗೆ ಇವನ್ನೂ ಮಾಡಿ.

ಒಂದು: ಮೂರು ಜನ ಒಟ್ಟಿಗೆ ಹೋಗಿ. ಇಬ್ಬರು ಗಂಡನನ್ನು, ಅತ್ತೆಯನ್ನು ಮಾತಿಗೆಳೆದು ಹೊರಗೆ ಕರೆದೊಯ್ಯಲಿ. ಒಬ್ಬಳು ಒಳಗಿರಲಿ. "ಏನಾಯ್ತು?" ಎಂದು ಮೆಲ್ಲಗೆ ಕೇಳಲಿ. ಅವಳು ಹೇಳದಿದ್ದರೆ ಒತ್ತಾಯ ಬೇಡ. ಮತ್ತೆ ಹೋಗಿ, ಮತ್ತೂ ಹೋಗಿ. ಬಾಯಿ ಬಿಡುವ ಧೈರ್ಯ ಒಂದೇ ಭೇಟಿಯಲ್ಲಿ ಬರುವುದಿಲ್ಲ.

ಎರಡು: ಪೊಲೀಸರು ಹೇಳಿಕೆ ಪಡೆಯುವಾಗ ಗಂಡನ ಕಡೆಯವರು ಹೊರಗಿರಬೇಕೆಂದು ಗಟ್ಟಿಯಾಗಿ ಕೇಳಿ. ಹೆಂಗಸಿನ ಹೇಳಿಕೆಗೆ ಪೊಲೀಸರೇ ಅವಳಿದ್ದಲ್ಲಿಗೆ ಬರಬೇಕು, ಅವಳನ್ನು ಠಾಣೆಗೆ ಕರೆಯುವಂತಿಲ್ಲ. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು.

ಮೂರು: ಕೌಟುಂಬಿಕ ದೌರ್ಜನ್ಯ ಕಾಯಿದೆಯ 4ನೆಯ ಕಲಮನ್ನು ನೆನಪಿಡಿ. ಹಿಂಸೆ ನಡೆದಿದೆ ಎಂದು ನಂಬಲು ಕಾರಣವಿದ್ದರೆ ನೆರೆಯವರು, ಗೆಳತಿಯರು, ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ನಿಮ್ಮ ಅಂಗನವಾಡಿ ಕಾರ್ಯಕರ್ತೆಗೆ ಅವರ ಕಚೇರಿ ಗೊತ್ತು. ಮಹಿಳಾ ಸಹಾಯವಾಣಿ 181. ಉಚಿತ ಕಾನೂನು ನೆರವು ಪ್ರತಿ ಹೆಂಗಸಿಗೂ ಉಂಟು, ಅದಕ್ಕೆ ಆದಾಯದ ಮಿತಿ ಇಲ್ಲ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ನಾಲ್ಕು: ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಬಿಡುಗಡೆ ಪತ್ರ ಎಲ್ಲದರ ನಕಲು ಸಂಘದ ಪೆಟ್ಟಿಗೆಯಲ್ಲಿರಲಿ. ಗಂಡನ ಬೀರುವಿನಲ್ಲಿ ಬೇಡ. ಅವಳ ಬ್ಯಾಂಕ್ ಪುಸ್ತಕ, ಪಹಣಿಯ ನಕಲು ಕೂಡ.

ಐದು: ಸಭೆಗೆ ಬಾರದವಳಿಗೆ ದಂಡ ಹಾಕುವ ನಿಯಮ ನಮ್ಮ ಸಂಘಗಳಲ್ಲಿದೆ. ಹಾಸಿಗೆ ಹಿಡಿದವಳಿಗೆ ದಂಡ ಬೇಡ, ಅವಳ ಹೆಸರನ್ನು ಪುಸ್ತಕದಿಂದ ತೆಗೆಯುವುದೂ ಬೇಡ. ಅವಳಿರುವಲ್ಲಿಗೇ ತಿಂಗಳಿಗೊಮ್ಮೆ ಸಭೆ ಒಯ್ಯಿರಿ. ಹತ್ತು ಹೆಂಗಸರು ಮಂಚದ ಸುತ್ತ ಕೂತು ಲೆಕ್ಕ ಬರೆಯುವುದನ್ನು ನೋಡಿದರೆ ಕಾವಲು ಕಾಯುವವನಿಗೂ ಅರ್ಥವಾಗುತ್ತದೆ, ಅವಳು ಒಂಟಿಯಲ್ಲ ಎಂದು.

ಬ್ಯಾಂಕಿನವರು ನಮ್ಮ ಸಹಿ ನಂಬಿ ಲಕ್ಷಗಟ್ಟಲೆ ಸಾಲ ಕೊಡುತ್ತಾರೆ. ಒಂದು ಕಂತೂ ತಪ್ಪದಂತೆ ಲೆಕ್ಕ ಇಡುವುದು ನಮಗೆ ಗೊತ್ತು. ಆ ಲೆಕ್ಕದ ಜೊತೆ ಇನ್ನೊಂದು ಲೆಕ್ಕ ಶುರು ಮಾಡೋಣ. ಈ ತಿಂಗಳ ಸಭೆಯಲ್ಲಿ ನಡಾವಳಿ ಪುಸ್ತಕದ ಕೊನೆಯ ಹಾಳೆಗೆ ಗೀಟು ಹಾಕಿ. ನಿಮ್ಮ ಬೀದಿಯಲ್ಲಿ, ನಿಮ್ಮ ಹಳ್ಳಿಯಲ್ಲಿ "ಬಿದ್ದು" ಎದ್ದೇಳದೆ ಉಳಿದ ಹೆಂಗಸರ ಪಟ್ಟಿ ಮಾಡಿ. ಅವಳು ಈಗ ಎಲ್ಲಿದ್ದಾಳೆ, ಯಾರು ನೋಡಿಕೊಳ್ಳುತ್ತಿದ್ದಾರೆ, ಅವಳನ್ನು ಒಂಟಿಯಾಗಿ ಕೊನೆಯ ಸಲ ಮಾತಾಡಿಸಿದವರು ಯಾರು, ಇಷ್ಟನ್ನು ಬರೆಯಿರಿ. ತಾಲ್ಲೂಕಿನ ಎಲ್ಲ ಸಂಘಗಳ ಪಟ್ಟಿ ಒಟ್ಟು ಸೇರಿಸಿ ಜಿಲ್ಲಾಧಿಕಾರಿಯ ಮೇಜಿನ ಮೇಲಿಡೋಣ. ಸತ್ತವರ ಲೆಕ್ಕವನ್ನು ಹೋರಾಡಿ ಬರೆಸಿದ ನಮಗೆ ಬದುಕಿರುವವರ ಲೆಕ್ಕ ಬರೆಸುವುದು ಆಗದ ಕೆಲಸವೇನಲ್ಲ.